ಅಂಗಿಗಿಂತ ಮೊದಲು ಪೈಜಾಮ ಹೊಲಿ

ಪ್ರೀತಿಯ ಗೆಳೆಯಾ,

ಹೊಲಿಗೆ ಮಿಷನ್ ಮನೆಗೆ ಬಂತು, ಇನ್ನು ನನ್ನ ಬಟ್ಟೆ ನಾನೇ ಹೊಲಿದುಕೊಳ್ಳುತ್ತೇನೆ, ಮೊದಲು ಒಂದು ಅಂಗಿ ಅಂತ ನೀನು ಬರೆದದ್ದು ಓದಿ ತುಂಬ ಖುಷಿಯಾಯಿತು. ನೀನು ಕತ್ತರಿ ಕೈಗೆತ್ತಿಕೊಳ್ಳುವ ಮೊದಲೇ ಈ ಪತ್ರ ತಲುಪಲಿ ಅಂತ ಕೂಡಲೇ ಬರೆಯಲು ಕೂತಿದ್ದೇನೆ.

ಅಂಗಿ ಈಗಲೇ ಬೇಡ. ಕಾಲರು, ಕಫ್, ಗುಂಡಿಪಟ್ಟಿ, ಕಾಜ, ಇವು ಒಂದೊಂದೂ ಬೇರೆ ಬೇರೆ ಕಸುಬು. ತೋಳನ್ನೇ ತಗೋ. ತೋಳಿನ ಮೇಲ್ತುದಿಯ ಬಾಗು, ಅದು ಕೂರಬೇಕಾದ ಕಂಕುಳ ಸುತ್ತಿಗಿಂತ ಸಾಮಾನ್ಯವಾಗಿ ತುಸು ಉದ್ದ ಇರುತ್ತದೆ. ಭುಜದ ಉಬ್ಬಿಗೆ ಜಾಗ ಬೇಕಲ್ಲ, ಅದಕ್ಕೆ. ಆ ಹೆಚ್ಚಿನ ಬಟ್ಟೆಯನ್ನು ಒಂದೂ ನೆರಿಗೆ ಬೀಳದ ಹಾಗೆ ಅಡಗಿಸುತ್ತ ಹೊಲಿಯಬೇಕು. ನೆಟ್ಟಗೆ ಹೊಲಿಯುವುದೇ ಇನ್ನೂ ಕೈಗೆ ಹತ್ತದಿರುವಾಗ ಇದಕ್ಕೆ ಇಳಿದರೆ ಬೇಸರ ಬರುತ್ತದೆ, ಮಿಷನ್ ಮೂಲೆ ಸೇರುತ್ತದೆ.

ಪೈಜಾಮ ಹೊಲಿ. ಸೊಂಟಕ್ಕೆ ಎಲಾಸ್ಟಿಕ್ ಇರುವ, ಜಿಪ್ಪು ಗುಂಡಿ ಏನೂ ಇಲ್ಲದ ಸಾದಾ ಪೈಜಾಮ. ದಿಂಬಿನ ಕವರಿನಿಂದ ಶುರುಮಾಡು ಅಂತ ಹಲವರು ಹೇಳಿಯಾರು. ನನಗದು ಒಪ್ಪಿಗೆಯಿಲ್ಲ. ದಿಂಬು ಕೂರುವುದಿಲ್ಲ, ಬಗ್ಗುವುದಿಲ್ಲ, ಇಲ್ಲಿ ಬಿಗಿಯಾಯಿತು ಅನ್ನುವುದಿಲ್ಲ. ಮೈಮೇಲೆ ಹಾಕಿಕೊಳ್ಳುವುದನ್ನು ಹೊಲಿದಾಗಲೇ ಅಳತೆಯ ಮರ್ಮ ತಿಳಿಯುವುದು.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ. ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿಯಬಹುದು, ಕತ್ತರಿಸಿದ್ದನ್ನು ಕೂಡಿಸಲಾಗದು. ಹಾಗಾಗಿ ನಿನ್ನ ತಾಳ್ಮೆಯನ್ನೆಲ್ಲ ಕತ್ತರಿಗೆ ಮೊದಲಿನ ಕೆಲಸಕ್ಕೆ ಇಡು. ಮಿಷನ್ ಹತ್ತಿರ ಕೂರಬೇಕೆಂಬ ಆಸೆ ಎಷ್ಟೇ ಎಳೆದರೂ ಸರಿ.

ಬಟ್ಟೆ ಮಧ್ಯಮ ದಪ್ಪದ ಹತ್ತಿಯದಿರಲಿ. ಸ್ಯಾಟಿನ್, ಜಾರ್ಜೆಟ್‌ನಂಥವು ಮೇಜಿನ ಮೇಲೆ ನಿಲ್ಲುವುದೇ ಇಲ್ಲ, ಜಾರುತ್ತವೆ. ಟೀ ಶರ್ಟಿನ ಹಾಗೆ ಹಿಗ್ಗುವ ಹೆಣಿಗೆ ಬಟ್ಟೆಗೆ ಬೇರೆ ಸೂಜಿಯೇ ಬೇಕು. ಚೌಕಳಿ, ಪಟ್ಟೆಗಳೂ ಬೇಡ; ಎಡಬಲ ಗೆರೆ ಕೂಡಿಸುವ ತಲೆನೋವು ಮೊದಲ ಸಲಕ್ಕೆ ಯಾಕೆ? ತಂದ ಬಟ್ಟೆಯನ್ನು ಮೊದಲು ಒಗೆ. ಮುಂದೆ ಹೇಗೆ ಒಗೆಯುವವನಿದ್ದೀಯೋ ಹಾಗೇ ಒಗೆದು, ಒಣಗಿಸಿ, ಇಸ್ತ್ರಿ ಮಾಡು. ನೇಯುವಾಗಲೂ ಆಮೇಲೆ ಕಾರ್ಖಾನೆಯಲ್ಲಿ ಹದಮಾಡುವಾಗಲೂ ನೂಲು ಎಳೆತದಲ್ಲಿರುತ್ತದೆ. ನೀರು ತಾಗಿದಾಗ ಆ ಬಿಗಿ ಸಡಿಲಿ ನೂಲು ತನ್ನ ಅಳತೆಗೆ ಮರಳುತ್ತದೆ, ಬಟ್ಟೆ ಕುಗ್ಗುತ್ತದೆ. ಕುಗ್ಗುವುದೇನಿದ್ದರೂ ಕತ್ತರಿಸುವ ಮೊದಲೇ ಕುಗ್ಗಿಬಿಡಲಿ.

ಇನ್ನು ನೂಲಿನ ಎಳೆಯ ದಿಕ್ಕು. ಇದನ್ನು ಕೈಯಿಂದಲೇ ತಿಳಿದುಕೋ. ಬಟ್ಟೆಯ ನೇಯ್ದ ಅಂಚಿಗೆ (ಕತ್ತರಿಸಿದ ಅಂಚಲ್ಲ) ಸಮನಾಗಿ ಉದ್ದಕ್ಕೆ ಹಿಡಿದು ಎಳೆ, ಹಾಸಿನ ನೂಲು, ಅಂದರೆ ಉದ್ದಕ್ಕೆ ಹೋಗುವ ನೂಲು, ಜಗ್ಗುವುದಿಲ್ಲ. ಅಡ್ಡಕ್ಕೆ ಎಳೆ, ಹೊಕ್ಕು, ಅಂದರೆ ಅಡ್ಡ ನೂಲು, ಒಂಚೂರು ಬಿಟ್ಟುಕೊಡುತ್ತದೆ. ಈಗ ಮೂಲೆಯಿಂದ ಓರೆಯಾಗಿ, 45 ಡಿಗ್ರಿಯಲ್ಲಿ ಎಳೆ. ಅದೇ ಬಟ್ಟೆ ಹೇಗೆ ಹಿಗ್ಗುತ್ತದೆ ನೋಡು. ಕಾಗದದ ನಕ್ಷೆಯ ಮೇಲೆ (ಬಟ್ಟೆ ಕತ್ತರಿಸಲು ಅಳತೆಗಿಡುವ ಕಾಗದ, ಅದನ್ನು ಮಾಡುವುದು ಹೇಗೆಂದು ಮುಂದೆ ಹೇಳುತ್ತೇನೆ) ಕಾಲಿನ ತುಂಡಿನ ನಟ್ಟನಡುವೆ ಒಂದು ಉದ್ದ ಗೆರೆ ಎಳೆದು, ಅದರ ಎರಡೂ ತುದಿಯಿಂದ ಬಟ್ಟೆಯ ಅಂಚಿಗೆ ಟೇಪು ಹಿಡಿದು ಅಳೆ. ಎರಡೂ ಕಡೆ ಒಂದೇ ಅಳತೆ ಬರುವವರೆಗೆ ಕಾಗದವನ್ನು ಸರಿಸುತ್ತಿರು. ಇದನ್ನು ಬಿಟ್ಟರೆ, ಎಷ್ಟೇ ಚೆನ್ನಾಗಿ ಹೊಲಿದರೂ ಒಗೆದ ಮೇಲೆ ಪಕ್ಕದ ಹೊಲಿಗೆ ತಿರುಚಿಕೊಂಡು ಮೊಳಕಾಲಿನ ಮುಂದಕ್ಕೆ ಬಂದು ನಿಲ್ಲುತ್ತದೆ.

ನಕ್ಷೆಯನ್ನು ದುಡ್ಡು ಕೊಟ್ಟು ತರಬೇಕಾಗಿಲ್ಲ. ನಿನಗೆ ಸರಿಯಾಗಿ ಕೂರುವ ಹಳೆಯ ಪೈಜಾಮ ಇದ್ದೇ ಇರುತ್ತದೆ. ಅದನ್ನು ಉದ್ದಕ್ಕೆ ಅರ್ಧ ಮಡಚಿ, ಮುಂಭಾಗ ಮೇಲೆ ಬರುವಂತೆ ದೊಡ್ಡ ಕಾಗದದ ಮೇಲೆ ಹರಡಿ, ಸೊಂಟದ ಎಲಾಸ್ಟಿಕ್ಕನ್ನು ಪೂರ್ತಿ ಎಳೆದು ಹಿಡಿದು ಸುತ್ತ ಗೆರೆ ಹಾಕು. ಆಮೇಲೆ ಹಿಂಭಾಗ ಮೇಲಾಗುವಂತೆ ಮಡಚಿ ಇನ್ನೊಂದು ಕಾಗದದ ಮೇಲೆ ಹಾಗೇ ಮಾಡು. ಎರಡನ್ನೂ ಒಂದರ ಮೇಲೊಂದಿಟ್ಟು ನೋಡಿದರೆ ಹಿಂಭಾಗದ ತುಂಡು ಸೊಂಟದ ಕಡೆ ಎತ್ತರ, ಎರಡು ಕಾಲು ಕೂಡುವ ಕವಲಿನ ಕಡೆ ಅಗಲ ಇರುವುದು ಕಾಣುತ್ತದೆ. ಕೂರುವಾಗ, ಬಗ್ಗುವಾಗ ಬೇಕಾಗುವ ಬಟ್ಟೆ ಅದು. ಎರಡನ್ನೂ ಒಂದೇ ಸಮ ಮಾಡಿದರೆ ಕೂತಾಗಲೆಲ್ಲ ಹಿಂದೆ ಸೊಂಟ ಕೆಳಕ್ಕೆ ಜಗ್ಗುತ್ತದೆ.

ಈ ಗೆರೆಗಳ ಹೊರಗೆ ಹೊಲಿಗೆಗೆಂದು ಒಂದೂವರೆ ಸೆಂಟಿಮೀಟರ್ ಬಿಡು. ಮೇಲೆ ಎಲಾಸ್ಟಿಕ್ ತೂರಿಸುವ ಪಟ್ಟಿಗೆ ಇನ್ನೂ ಹೆಚ್ಚು ಬೇಕು: ಎಲಾಸ್ಟಿಕ್ 2.5 ಸೆಂಟಿಮೀಟರ್ ಅಗಲದ್ದಾದರೆ ನಾಲ್ಕೂವರೆ ಬಿಟ್ಟರೆ ಆರಾಮ. ಕಾಲಿನ ಕೆಳಗೆ ಮಡಚಲು ಮೂರು ಸಾಕು. ಬಟ್ಟೆಯನ್ನು ಮೇಲ್ಮೈ (ಹೊರಗೆ ಕಾಣಬೇಕಾದ ಮುಖ) ಒಳಗಾಗುವಂತೆ ಮಡಚಿ ಎರಡು ಪದರವನ್ನೂ ಒಟ್ಟಿಗೆ ಕತ್ತರಿಸು, ಎಡ ಬಲ ತಾವೇ ಜೋಡಿಯಾಗಿ ಬರುತ್ತವೆ. ಆ ಕತ್ತರಿಯಿಂದ ಕಾಗದ ಕತ್ತರಿಸಲೇಬೇಡ, ಮೊಂಡಾಗುತ್ತದೆ.

ಈಗ ಮಿಷನ್. ಕೈಸೂಜಿಗೆ ಕಣ್ಣು ಹಿಂದೆ, ಮಿಷನ್ ಸೂಜಿಗೆ ಮೊನೆಯ ಹತ್ತಿರ. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಯಂತ್ರದಲ್ಲೂ ಹೀಗೇ ಇತ್ತು. ಸೂಜಿ ಕೆಳಗಿಳಿದು ಒಂಚೂರು ಮೇಲೇಳುವಾಗ ದಾರ ಪುಟ್ಟ ಕುಣಿಕೆಯಾಗಿ ಉಬ್ಬುತ್ತದೆ. ಕೆಳಗಿನ ಕೊಕ್ಕೆ ಅದನ್ನು ಹಿಡಿದು ಬಾಬಿನ್ (ಕೆಳಗಿನ ದಾರ ಸುತ್ತಿರುವ ಪುಟ್ಟ ಉರುಳೆ) ಸುತ್ತ ದಾಟಿಸುತ್ತದೆ. ಮೇಲಿನ ದಾರ, ಕೆಳಗಿನ ದಾರ ಬಟ್ಟೆಯ ನಡುವೆ ಹೆಣೆದುಕೊಳ್ಳುವುದು ಹೀಗೆ. ಚಕ್ರವನ್ನು ಕೈಯಿಂದ ನಿಧಾನ ತಿರುಗಿಸುತ್ತ ಇದನ್ನು ಒಮ್ಮೆ ನೋಡು. ಬಹಳ ಚೆಂದ ಅದು, ಮತ್ತೆ ಮಿಷನ್ ಕಂಡರೆ ಭಯವಾಗುವುದಿಲ್ಲ.

ಇದು ತಿಳಿದರೆ ಅರ್ಧ ತೊಂದರೆಗಳ ಮೂಲ ಹೊಳೆಯುತ್ತದೆ. ಬಟ್ಟೆಯ ಅಡಿಯಲ್ಲಿ ದಾರ ಗೋಜಲಾಗಿ ಕುಣಿಕೆ ಕುಣಿಕೆ ಬಿದ್ದರೆ ಎಲ್ಲರೂ ಮೊದಲು ಬಾಬಿನ್ ಮೇಲೆ ಅನುಮಾನ ಪಡುತ್ತಾರೆ. ಆದರೆ ಸಾಮಾನ್ಯವಾಗಿ ತಪ್ಪಿರುವುದು ಮೇಲಿನ ದಾರದಲ್ಲಿ. ಅದು ಬಿಗಿ ಹಿಡಿಯುವ ಬಿಲ್ಲೆಗಳ ನಡುವೆ ಕೂತಿರುವುದಿಲ್ಲ. ಬಟ್ಟೆ ಅದುಮುವ ಪಾದವನ್ನು ಎತ್ತಿದಾಗ ಮಾತ್ರ ಆ ಬಿಲ್ಲೆಗಳು ಸಡಿಲಾಗುವುದು. ಹಾಗಾಗಿ ದಾರ ಪೋಣಿಸುವಾಗ ಪಾದ ಮೇಲಿರಲಿ, ಹೊಲಿಯುವಾಗ ಕೆಳಗಿರಲಿ. ಸೂಜಿ 90/14 ಸಾಕು. 90 ಅಂದರೆ 0.9 ಮಿಲಿಮೀಟರ್ ದಪ್ಪ. ಹೊಲಿಗೆಯ ಉದ್ದ 2.5 ಮಿಲಿಮೀಟರ್. ಮೊದಲು ಉಳಿದ ತುಂಡಿನ ಮೇಲೆ ಓಡಿಸಿ ನೋಡು. ಬಟ್ಟೆಯನ್ನು ಎಳೆಯಬೇಡ, ಪಾದದ ಕೆಳಗಿನ ಹಲ್ಲುಗಳೇ ಅದನ್ನು ಸಾಗಿಸುತ್ತವೆ. ಎಳೆದರೆ ಸೂಜಿ ಬಾಗಿ, ಕೆಳಗಿನ ಲೋಹದ ತಟ್ಟೆಗೆ ಬಡಿದು ಮುರಿಯಬಹುದು. ಕಣ್ಣು ಸೂಜಿಯ ಮೇಲಲ್ಲ, ತಟ್ಟೆಯ ಮೇಲಿನ ಅಳತೆ ಗೆರೆಯ ಮೇಲಿರಲಿ. ಬಟ್ಟೆಯಂಚು ಆ ಗೆರೆಯನ್ನು ಸವರಿಕೊಂಡು ಹೋದರೆ ಹೊಲಿಗೆ ತಾನಾಗಿ ನೆಟ್ಟಗಾಗುತ್ತದೆ.

ಹೊಲಿಯುವ ಕ್ರಮ ಸುಲಭ. ಒಂದು ಮುಂಭಾಗ, ಒಂದು ಹಿಂಭಾಗ ಮೇಲ್ಮೈ ಒಳಗಾಗುವಂತೆ ಸೇರಿಸಿ ಹೊರಪಕ್ಕ, ಒಳಪಕ್ಕ ಎರಡನ್ನೂ ಹೊಲಿ, ಒಂದು ಕಾಲಾಯಿತು. ಇನ್ನೊಂದನ್ನೂ ಹಾಗೇ ಮಾಡು. ಒಂದನ್ನು ಮಾತ್ರ ಮೇಲ್ಮೈ ಹೊರಗೆ ಬರುವಂತೆ ತಿರುಗಿಸಿ, ತಿರುಗಿಸದ ಕಾಲಿನೊಳಗೆ ಇಳಿಬಿಡು. ಕವಲಿನ ಬಾಗು ಎರಡೂ ಕೂಡಿ ನಿಲ್ಲುತ್ತದೆ. ಅದನ್ನು ಮುಂದಿನಿಂದ ಹಿಂದಿನವರೆಗೆ ಒಂದೇ ಓಟದಲ್ಲಿ ಹೊಲಿದು, ಅದೇ ಗೆರೆಯ ಮೇಲೆ ಇನ್ನೊಮ್ಮೆ ಹೊಲಿಗೆ ಹಾಕು. ಪೈಜಾಮ ಹರಿಯುವುದಿದ್ದರೆ ಮೊದಲು ಅಲ್ಲೇ.

ಒಂದೊಂದು ಹೊಲಿಗೆಯಾದ ಕೂಡಲೇ ಇಸ್ತ್ರಿ ಮಾಡು, ಕೊನೆಗೆ ಒಟ್ಟಿಗೆ ಅಂತ ಬಿಡಬೇಡ. ಮೊದಲು ಹೊಲಿದ ಗೆರೆಯ ಮೇಲೇ ಒತ್ತು, ದಾರ ಬಟ್ಟೆಯೊಳಗೆ ಕೂರಲಿ. ಆಮೇಲೆ ಅಂಚುಗಳನ್ನು ಬಿಡಿಸಿ ಒತ್ತು. ಇಸ್ತ್ರಿಯನ್ನು ಎಳೆದಾಡದೆ ಎತ್ತಿ ಎತ್ತಿ ಇಡಬೇಕು, ಇಲ್ಲದಿದ್ದರೆ ಬಾಗಿನ ಕಡೆ ಬಟ್ಟೆ ಜಗ್ಗಿಹೋಗುತ್ತದೆ. ಮನೆಯಲ್ಲಿ ಹೊಲಿದದ್ದು ಅಂತ ದೂರದಿಂದಲೇ ಗೊತ್ತಾಗುವ ಬಟ್ಟೆಗೆ, ನನ್ನ ಪ್ರಕಾರ, ಹೊಲಿಗೆಗಿಂತ ಇಸ್ತ್ರಿಯೇ ಕಡಿಮೆ ಬಿದ್ದಿರುತ್ತದೆ.

ಎಲಾಸ್ಟಿಕ್ಕಿಗೆ ಸೂತ್ರ ಹುಡುಕಬೇಡ. ಸೊಂಟಕ್ಕೆ ಸುತ್ತಿ, ಕೂತು ಎದ್ದು ನೋಡಿ, ಆರಾಮ ಅನ್ನಿಸಿದಲ್ಲಿ ಗುರುತು ಹಾಕಿ, ತುದಿಗಳನ್ನು ಕೂಡಿಸಲು ಒಂದೆರಡು ಸೆಂಟಿಮೀಟರ್ ಸೇರಿಸಿ ಕತ್ತರಿಸು. ಒಂದು ಎಲಾಸ್ಟಿಕ್ ಇನ್ನೊಂದರಷ್ಟೇ ಬಿಗಿ ಇರುವುದಿಲ್ಲ.

ಬಟ್ಟೆ ಒಗೆದು ಒಣಗಲು ಹಾಕಿದ ಹೊತ್ತಿನಲ್ಲಿ ನಿನ್ನ ಅಳತೆ ತೆಗೆದುಬಿಡು: ಸೊಂಟದ ಸುತ್ತಳತೆ, ಕುಂಡಿಯ ಅತಿ ದಪ್ಪದ ಕಡೆ ಸುತ್ತಳತೆ, ಪಕ್ಕದಲ್ಲಿ ಸೊಂಟದಿಂದ ಕಾಲಿನ ಗಂಟಿನವರೆಗಿನ ಉದ್ದ. ಆಮೇಲೆ ಗಟ್ಟಿ ಕುರ್ಚಿಯ ಮೇಲೆ ನೆಟ್ಟಗೆ ಕೂತು, ಪಕ್ಕದಲ್ಲಿ ಸೊಂಟದಿಂದ ಕುರ್ಚಿಯ ಹಲಗೆಯವರೆಗೆ. ಕವಲು ಎಷ್ಟು ಆಳ ಇರಬೇಕು ಅಂತ ಹೇಳುವುದು ಈ ಕೊನೆಯ ಅಳತೆ. ನಾಲ್ಕನ್ನೂ ಬರೆದು ಕಳಿಸು, ಜೊತೆಗೆ ಗೆರೆ ಹಾಕಿದ ಕಾಗದದ ಒಂದು ಫೋಟೋ, ಪಕ್ಕದಲ್ಲಿ ಟೇಪು ಹಾಸಿರಲಿ. ನಾನು ನೋಡಿ ಹೇಳುವವರೆಗೆ ಬಟ್ಟೆಗೆ ಕತ್ತರಿ ಹಾಕಬೇಡ.

ನಿನ್ನ ಗೆಳೆಯ