ಕಂಡದ್ದು ಬೇರೆಯೇ ಆಗಿದ್ದರೆ?

ನೀರ್ಚಾಲು

ಪ್ರೀತಿಯ ಕೂಸೇ,

ಮನೆಯ ಸುದ್ದಿಯೆಲ್ಲ ನಿನ್ನ ಅಮ್ಮ ಹೇಳಿರುತ್ತಾಳೆ. ಪುಣೆಯ ಲ್ಯಾಬಿನಿಂದ ನೀನು ಬರೆದ ಕಾಗದದ ಒಂದು ಸಾಲು ನನ್ನ ನಿದ್ದೆ ಕೆಡಿಸಿತು. "ಇಷ್ಟು ವರ್ಷ ಚರ್ಮದಲ್ಲಿ ನೋಡಿದ ಟಿ ಕೋಶಗಳು ನಾನು ಅಂದುಕೊಂಡದ್ದೇ ಅಲ್ಲದಿದ್ದರೆ?" ಟಿ ಕೋಶ ಅಂದರೆ ರೋಗ ತಡೆಯುವ ಬಿಳಿ ರಕ್ತಕಣದ ಒಂದು ಬಗೆ, ಅಷ್ಟು ನನಗೂ ಗೊತ್ತು.

ಲಾಂಗರ್‌ಹಾನ್ಸ್ ಕತೆ ನಿನಗೆ ಗೊತ್ತು. ಆದರೂ ಹೇಳ್ತೇನೆ, ಮೇಷ್ಟ್ರ ಚಾಳಿ. 1868ರಲ್ಲಿ ಬರ್ಲಿನ್‌ನಲ್ಲಿ ಡಾಕ್ಟರಿಕೆ ಓದುತ್ತಿದ್ದ ಹುಡುಗ, ವಯಸ್ಸು 21. ಕೋಶಗಳಿಗೆ ಬಣ್ಣ ಬರಲಿ ಅಂತ ಚರ್ಮಕ್ಕೆ ಗೋಲ್ಡ್ ಕ್ಲೋರೈಡ್ ಹಾಕಿ ನೋಡಿದ. ಕವಲು ಕವಲಾದ ಕೋಶಗಳು ಕಂಡವು. ನರಕ್ಕೆ ಸೇರಿದ್ದು ಅಂತ ಬರೆದ. ಅವು ರೋಗನಿರೋಧಕ ಕೋಶಗಳು ಅಂತ ಗೊತ್ತಾಗುವಾಗ 1970ರ ದಶಕ. ಅವನು ತೀರಿಕೊಂಡದ್ದು 1888ರಲ್ಲಿ. ಅಂದುಕೊಂಡದ್ದು ತಪ್ಪಾಯಿತು, ಆದರೆ ಆ ಕವಲುಗಳು ಚರ್ಮದಲ್ಲಿ ಇದ್ದದ್ದು ಸುಳ್ಳಾಯಿತಾ?

2025ರಲ್ಲಿ ನೊಬೆಲ್ ಬಂದ ಜಪಾನಿನ ವಿಜ್ಞಾನಿ ಸಕಾಗುಚಿಯ ವಿಷಯ ಬರೆಯುವ ಅಂದುಕೊಂಡಿದ್ದೆ. ಬೇರೆ ಟಿ ಕೋಶಗಳನ್ನು ಹತೋಟಿಯಲ್ಲಿಡುವ ಟಿ ಕೋಶಗಳೂ ಇವೆ ಅಂತ, 1995ರಲ್ಲಿ, ಹೆಚ್ಚಿನವರು ಕೈಬಿಟ್ಟಿದ್ದ ವಿಚಾರವನ್ನು ಹಿಡಿದು ಗೆದ್ದವರು. ಆದರೆ ಗೆದ್ದವರ ಕತೆ ಕೇಳಿದರೆ ಹೆದರಿಕೆ ಜಾಸ್ತಿಯೇ ಆಗ್ತದೆ.

ನಿನ್ನ ಅಜ್ಜನ ಮೊಣಕೈಯ ಸೋರಿಯಾಸಿಸ್, ಆ ಚರ್ಮದ ಕಾಯಿಲೆ, ನೆನಪಿದೆಯಾ? ಮಾಯುತ್ತಿತ್ತು, ಮತ್ತೆ ಅದೇ ಜಾಗದಲ್ಲಿ ಏಳುತ್ತಿತ್ತು. ಬದನೆ ನಂಜು ಅಂತ ನಾವು ಅದನ್ನು ಅಡುಗೆಗೇ ತರುತ್ತಿರಲಿಲ್ಲ. ಚರ್ಮ ಮಾಯ್ದರೂ ಕೆಲವು ಟಿ ಕೋಶಗಳು ಅಲ್ಲಿಯೇ ಉಳಿದುಬಿಡ್ತವೆ ಅಂತ ನೀನು ಹೇಳಿದ ಮೇಲೆಯೇ ನನಗೆ ವಿಷಯ ತಿಳಿದದ್ದು. ಮಕ್ಕಳಿಗೆ ನಾನು ಕಲಿಸಿದ್ದು ಬಿಳಿ ರಕ್ತಕಣ ಅಂದರೆ ಸೈನಿಕ ಅಂತ ಮಾತ್ರ. ಸೈನಿಕ ಮನೆಯವರ ಮೇಲೇ ಬೀಳುವುದು ಪಾಠದಲ್ಲಿ ಇರಲಿಲ್ಲ.

ನನಗೂ ಎಂಎಸ್ಸಿಗೆ ಸೀಟು ಸಿಕ್ಕಿತ್ತು. ಶಾಲೆಯ ಕೆಲಸ ಗಟ್ಟಿ ಅಂದರು ಅಪ್ಪ, ಸೇರಿದೆ. ಪಾಠ ಮಾಡುವವಳಿಗೆ ಉತ್ತರ ಮೊದಲೇ ಪುಸ್ತಕದಲ್ಲಿ ಇರ್ತದೆ. ನಿನ್ನ ಹಾಗೆ ಹೆದರುವ ಸಂದರ್ಭವೇ ನನಗೆ ಬರಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಪುಣೆಯ ಲ್ಯಾಬಿನ ಕ್ರಮ ನನಗೇನು ಗೊತ್ತು? ಆದರೂ, ಕಂಡದ್ದನ್ನು ಒಂದು ಕಡೆ, ಅಂದುಕೊಂಡದ್ದನ್ನು ಇನ್ನೊಂದು ಕಡೆ ಬರೆದಿಡು, ತಾರೀಕು ಹಾಕಿ. ಹಳೇ ಸ್ಲೈಡುಗಳನ್ನು ಬಿಸಾಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣು, ಇದು ಸುಮ್ನೆ ಹೇಳಿದ್ದಲ್ಲ.

ಮತ್ತೆ ಆ ಸಾಲಿಗೇ ಬರ್ತೇನೆ. ಅವು ಬೇರೆಯೇ ಕೋಶಗಳಾದರೆ, ಅದು ಮೊದಲು ಗೊತ್ತಾಗುವುದು ನಿನಗೇ. ಬೇರೆಯವರು ಹೇಳುವವರೆಗೆ ಕಾಯಬೇಡ. ನಿನ್ನ ಗೈಡ್ ಹತ್ತಿರ ಈ ವಾರವೇ ಮಾತಾಡು. ಅವರು ಏನಂದರು ಅಂತ ನನಗೆ ಫೋನ್ ಮಾಡು, ರಾತ್ರಿ ಆದರೂ ಅಡ್ಡಿಯಿಲ್ಲ.

ನಿನ್ನ ದೊಡ್ಡಮ್ಮ