ಒಂದು ವರ್ಷವಾಯಿತು, ಅಕ್ಕನಿಗೆ ಹೇಳಬೇಕಾದ್ದು ಬಾಕಿ ಇತ್ತು

ನಮ್ಮ ಯಜಮಾನರಿಗೆ ಕಿಡ್ನಿ ಕಸಿ ಆಪರೇಷನ್ ಆಗಿ ಈ ವಾರಕ್ಕೆ ಒಂದು ವರ್ಷ. ಅವರು ಮತ್ತೆ ಕೋಲಾರದ ಟೊಮೆಟೊ ಮಂಡಿಗೆ ಹೋಗುತ್ತಿದ್ದಾರೆ. ಬೆಲೆ ಬಿತ್ತು ಅಂತ ಮನೆಗೆ ಬಂದು ಸಿಡುಕುತ್ತಾರೆ. ಆ ಸಿಡುಕು ಕೇಳಿದರೂ ನನಗೆ ಖುಷಿ.

"ನೀವೇ ಕಿಡ್ನಿ ಕೊಟ್ರಂತೆ?" ಅಂತ ಈಗಲೂ ಕೆಲವರು ಕೇಳುತ್ತಾರೆ. ಕೊಟ್ಟೆ, ಆದರೆ ಅವರಿಗಲ್ಲ. ನನ್ನ ರಕ್ತ ಎ ಗ್ರೂಪ್, ಅವರದು ಬಿ, ಹೊಂದಲಿಲ್ಲ. ಇನ್ನೊಂದು ಜೋಡಿಯಲ್ಲಿ ಗಂಡ ಎ, ಹೆಂಡತಿ ಬಿ. ನನ್ನದು ಆ ಅಣ್ಣನಿಗೆ, ಆ ತಾಯಿಯದು ನಮ್ಮವರಿಗೆ.

ಕೋಲಾರದ ಡಯಾಲಿಸಿಸ್ ಸಿಬ್ಬಂದಿ, ಬೆಂಗಳೂರಿನ ಡಾಕ್ಟರು, ಸಾಲ ಕೊಟ್ಟು ಮತ್ತೆ ಆ ಮಾತೇ ಎತ್ತದ ಮಂಡಿಯ ಗೆಳೆಯರು, 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ತಂದು ಈ ಅದಲು ಬದಲಿಗೆ ದಾರಿ ಮಾಡಿದವರು, ಎಲ್ಲರಿಗೂ ಕೈ ಮುಗಿಯುತ್ತೇನೆ.

ಇನ್ನು ನನ್ನ ಓರಗಿತ್ತಿ. ನಾನು ಅಕ್ಕ ಅಂತಲೇ ಕರೆಯುವುದು.

ಯಾರ ಒತ್ತಾಯವೂ ಇಲ್ಲ ತಾನೇ, ದುಡ್ಡು ಗಿಡ್ಡು ತಗೊಂಡಿಲ್ಲ ತಾನೇ ಅಂತ ಕಸಿಗೆ ಅನುಮತಿ ಕೊಡುವ ಒಪ್ಪಿಗೆ ಸಮಿತಿಯವರು ಕೇಳಿದಾಗ ಧೈರ್ಯವಾಗಿ ಇಲ್ಲ ಅಂದಿದ್ದೆ. ಆಪರೇಷನ್ನಿನ ಹಿಂದಿನ ರಾತ್ರಿ ಆ ಧೈರ್ಯ ಎಲ್ಲಿ ಹೋಯಿತೋ. ಮುಖಪರಿಚಯವೂ ಸರಿಯಾಗಿಲ್ಲದವರಿಗೆ ಹೊಟ್ಟೆ ಕುಯ್ಯಿಸಿಕೊಂಡು ಕೊಡಬೇಕಾ? ನನ್ನದು ತೆಗೆದ ಮೇಲೆ ಅವರು ಆಗಲ್ಲ ಅಂದರೆ? ಬ್ಯಾಗು ಹಿಡಿದು ಕೋಲಾರದ ಬಸ್ಸು ಹತ್ತಿಬಿಡ್ತೀನಿ ಅಂತ ಅಕ್ಕನ ಮುಂದೆ ಅತ್ತುಬಿಟ್ಟೆ.

ಅಕ್ಕ ಬೈಯಲಿಲ್ಲ. ತ್ಯಾಗ ಗೀಗ ಅಂತ ಉಪದೇಶವನ್ನೂ ಮಾಡಲಿಲ್ಲ. "ನಮ್ಮ ಕಡೆ ಹೆಣ್ಣು ಕೊಟ್ಟು ಹೆಣ್ಣು ತರೋದಿಲ್ವೇನೇ? ಎರಡೂ ಮದುವೆ ಒಂದೇ ಚಪ್ಪರದಲ್ಲಿ ಯಾಕೆ ಮುಗಿಸ್ತಾರೆ ಅಂದ್ಕೊಂಡೆ?" ಅಂದರು. ಯಾರೂ ನಡುವೆ ಹಿಂದೆ ಸರಿಯಬಾರದು ಅಂತಲೇ ನಾಲ್ಕೂ ಆಪರೇಷನ್ ಒಂದೇ ಹೊತ್ತಿಗೆ ಮಾಡುವುದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ತಲೆಗೆ ಹೋಗಿದ್ದು ಆಗ.

ಆಮೇಲೆ ಅಕ್ಕ ಹೇಳಿದರು, "ಬೇಡ ಅನ್ನಿಸಿದ್ರೆ ಬೇಡ. ಬೆಳಗ್ಗೆ ನಾನೇ ಡಾಕ್ಟರಿಗೆ ಹೇಳ್ತೀನಿ. ನಿನ್ನ ಯಾರಾದ್ರೂ ಒಂದು ಮಾತು ಅಂದ್ರೆ ನಾನಿದ್ದೀನಿ." ಹೋಗಬಹುದು ಅಂತ ಗೊತ್ತಾದ ಮೇಲೆ ನನಗೆ ಹೋಗಬೇಕು ಅನ್ನಿಸಲಿಲ್ಲ. ಸಕ್ಕರೆ ಕಾಯಿಲೆ ಇರುವ ಹೆಂಗಸು ಬೆಳಗಿನವರೆಗೂ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತಿದ್ದರು.

ನನ್ನದೇ ನಮ್ಮವರಿಗೆ ಹೋಗಲಿಲ್ಲವಲ್ಲ ಅನ್ನುವ ಹೊಟ್ಟೆಯುರಿ ಈಗಲೂ ಒಮ್ಮೊಮ್ಮೆ ಇಣುಕುತ್ತದೆ. ಅದೂ ಅಕ್ಕನಿಗೆ ಗೊತ್ತು.

ಆ ಮನೆಯವರೂ ಚೆನ್ನಾಗಿದ್ದಾರೆ, ಹಬ್ಬಕ್ಕೆ ಫೋನ್ ಮಾಡುತ್ತಾರೆ. ಕೊಡಲು ಮನಸ್ಸಿದ್ದೂ ಗ್ರೂಪ್ ಹೊಂದದೆ ಕೂತವರು ನಿಮ್ಮಲ್ಲಿದ್ದರೆ, ಸ್ವಾಪ್, ಅಂದರೆ ಇಂಥ ಅದಲು ಬದಲಿ, ಆಗುತ್ತದಾ ಅಂತ ಡಾಕ್ಟರನ್ನು ಒಮ್ಮೆ ಕೇಳಿ. ಕಾಗದಪತ್ರದ ವಿಷಯವಾದರೆ ನನಗಿಂತ ಅಕ್ಕನಿಗೇ ಜಾಸ್ತಿ ಗೊತ್ತು. ಭಾನುವಾರ ಮನೆಯಲ್ಲೇ ಇರುತ್ತಾರೆ, ಬನ್ನಿ.