ಕೆಳಮಟ್ಟದ ಹಾರಾಟಕ್ಕೆ ಹೊರಟ ಮಗಳಿಗೆ

ಪ್ರೀತಿಯ ಮಗಳೇ,

ಬೀದರಿನ ವಾಯುಪಡೆ ನೆಲೆಯಲ್ಲಿ ನಿಮ್ಮ ತಂಡಕ್ಕೆ ಮುಂದಿನ ವಾರದಿಂದ ಕೆಳಮಟ್ಟದ ಹಾರಾಟದ ತರಬೇತಿ ಎಂದು ಬರೆದಿದ್ದೀಯ. ನೆಲಕ್ಕೆ ಅಷ್ಟು ಹತ್ತಿರ ಹಾರುವಾಗ ಭಯವಾಗುತ್ತಿರಲಿಲ್ಲವೇ ಎಂಬ ಪ್ರಶ್ನೆ ಬೇರೆ. ಭಯಪಡಲು ಪುರುಸೊತ್ತು ಎಲ್ಲಿತ್ತು! ನಾನು ಹಾರಿಸುತ್ತಿದ್ದ ಜಾಗ್ವಾರ್ ಯುದ್ಧವಿಮಾನದಲ್ಲಿ 420 ನಾಟ್ ವೇಗವೆಂದರೆ ಸೆಕೆಂಡಿಗೆ 216 ಮೀಟರ್. ನೂರು ಮೀಟರ್ ಎತ್ತರದಲ್ಲಿ ವಿಮಾನದ ಮೂಗು ಮೂರೇ ಡಿಗ್ರಿ ಕೆಳಗೆ ವಾಲಿದರೂ ಒಂಬತ್ತು ಸೆಕೆಂಡಿನಲ್ಲಿ ನೆಲ. ತಿರುವಿನಲ್ಲಿ ಮೂಗು ತಾನಾಗಿಯೇ ಕುಸಿಯಲು ನೋಡುತ್ತದೆ. ಆಗ ನಕ್ಷೆಯತ್ತ ಕಣ್ಣು ಹಾಯಿಸಲೇಬೇಡ.

ಇದನ್ನು ಸಾಹಸ ಎಂದು ಹೊಗಳುವವರನ್ನು ಕಂಡರೆ ನನಗೆ ಈಗಲೂ ರೇಗುತ್ತದೆ. ಭೂಮಿ ದುಂಡಗಿದೆ, ರಾಡಾರ್ ಅದರ ಬಾಗಿನಾಚೆ ನೋಡಲಾರದು. ಆ ಎತ್ತರದಲ್ಲಿ ಬರುವ ವಿಮಾನ ಬಯಲಿನ ರಾಡಾರಿಗೆ ಕಾಣುವುದು ಸುಮಾರು 40-50 ಕಿಲೋಮೀಟರ್ ದೂರದಿಂದ. ಎದುರಾಳಿಗೆ ಸಿಗುವುದು ಮೂರ್ನಾಲ್ಕು ನಿಮಿಷ. ಲೆಕ್ಕ ಅಷ್ಟೇ.

ಕಷ್ಟವೆಲ್ಲ ದಾರಿ ಹುಡುಕುವುದರಲ್ಲಿ. ಗೋರಖ್‌ಪುರದ ಸುತ್ತಲಿನ ಬಯಲಿನಲ್ಲಿ ಪ್ರತಿ ಊರಿಗೂ ಒಂದು ಕೆರೆ, ಒಂದು ಮಾವಿನ ತೋಪು, ಹೊಗೆಯುಗುಳುವ ಒಂದು ಇಟ್ಟಿಗೆ ಗೂಡು. ಕೆಳಗೆ ಕಂಡದ್ದನ್ನು ನಕ್ಷೆಯಲ್ಲಿ ಹುಡುಕಲು ಹೊರಟರೆ ಎಲ್ಲವೂ ಹೊಂದುತ್ತದೆ, ಮದುವೆಗೆ ಆತುರಪಟ್ಟವರಿಗೆ ಜಾತಕ ಹೊಂದಿದಂತೆ. ಮೊದಲು ಗಡಿಯಾರ, ಆಮೇಲೆ ನಕ್ಷೆ, ಕೊನೆಗೆ ನೆಲ. ಐದು ಲಕ್ಷಕ್ಕೊಂದು ಅಳತೆಯ ನಕ್ಷೆಯಲ್ಲಿ ಅದೇ 420 ನಾಟ್ ವೇಗದ ಒಂದು ನಿಮಿಷದ ಹಾರಾಟ 2.6 ಸೆಂಟಿಮೀಟರ್. ದಾರಿಯ ಗೆರೆಯ ಮೇಲೆ ನಿಮಿಷಕ್ಕೊಂದು ಅಡ್ಡಗೀಟು ಹಾಕಿಕೋ. ಏಳನೆಯ ನಿಮಿಷಕ್ಕೆ ರೈಲು ಸೇತುವೆ ಬರಬೇಕೆಂದಿದ್ದರೆ ಏಳನೆಯ ನಿಮಿಷಕ್ಕೇ ತಲೆಯೆತ್ತಿ ಹುಡುಕು. ಐದನೆಯದರಲ್ಲಿ ಕಂಡ ಸೇತುವೆ ಎಷ್ಟೇ ಚೆಂದವಿರಲಿ, ಅದು ನಿನ್ನದಲ್ಲ.

ರಾಜಸ್ಥಾನದ ಮರಳುಗಾಡಿನಲ್ಲಿ ನಡು ಮಧ್ಯಾಹ್ನ ದಿಬ್ಬಗಳಿಗೆ ನೆರಳೇ ಇರುವುದಿಲ್ಲ. ಎತ್ತರ ಎಷ್ಟೆಂದು ಕಣ್ಣಿಗೆ ಅಂದಾಜು ಸಿಗದು. ಅಲ್ಲಿ ನೆಲದಿಂದ ಎತ್ತರ ಅಳೆಯುವ ರೇಡಿಯೋ ಆಲ್ಟಿಮೀಟರ್ ಹೇಳಿದ್ದೇ ಸತ್ಯ. ವಿದ್ಯುತ್ ತಂತಿ ಕಾಣುವುದಿಲ್ಲ, ಕಂಬ ಕಾಣುತ್ತದೆ: ಕಂಬದ ನೆತ್ತಿಯ ಮೇಲೆಯೇ ದಾಟು. ಹದ್ದುಗಳ ವಿಷಯ ನಿಮ್ಮ ಬೋಧಕರು ಹೇಳಿಯೇ ಹೇಳುತ್ತಾರೆ.

ಇನ್ನೊಂದು ಮಾತು. ಕಾರಂಜಾ ಜಲಾಶಯವನ್ನು ಗುರುತಾಗಿ ಇಟ್ಟುಕೊಂಡರೆ ನಕ್ಷೆಯ ನೀಲಿಯನ್ನು ನಂಬಬೇಡ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಆಕಾರವೇ ಬದಲಾಗಿರುತ್ತದೆ. ಅಣೆಕಟ್ಟಿನ ಏರಿಯನ್ನು ಹಿಡಿ, ಅದು ಕದಲುವುದಿಲ್ಲ.

ಮೊದಲ ಹಾರಾಟ ಮುಗಿದ ಕೂಡಲೇ ಫೋನ್ ಮಾಡು. ಎತ್ತರ ಎಷ್ಟೆಂದು ಅಮ್ಮ ಕೇಳಿದರೆ ಸಾವಿರ ಅಡಿ ಎಂದುಬಿಡು. ನಾನೂ ಅವಳಿಗೆ ಅದನ್ನೇ ಹೇಳುತ್ತಿದ್ದೆ.

ನಿನ್ನ
ಅಪ್ಪ